ಒಂಬತ್ತು ಐದರ ಗಿರಿಜಮ್ಮ

1999ರ ನವೆಂಬರ್‌ನಲ್ಲಿ ನಾನು ಶಿಕಾರಿಪುರದ ಒಂದು ಸಣ್ಣ ಆರೋಗ್ಯ ಟ್ರಸ್ಟ್‌ನಲ್ಲಿ ಪ್ರೋಗ್ರಾಮರ್ ಆಗಿದ್ದೆ. ನನಗೆ ಇಪ್ಪತ್ಮೂರು ವರ್ಷ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಒಂದು ವರ್ಷ ನಾಲ್ಕು ತಿಂಗಳಾಗಿತ್ತು. ಮನೆ ಶಿರಾಳಕೊಪ್ಪದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಎಂಟನೇ ತರಗತಿಯಿಂದ ಡೈರಿ ಬರೆಯುವ ಅಭ್ಯಾಸ ನನ್ನದು. ಭಾವನೆಗಳಿಗಿಂತ ಲೆಕ್ಕಗಳೇ ಅದರಲ್ಲಿ ಹೆಚ್ಚು. ಬಸ್ಸು ಎಷ್ಟು ನಿಮಿಷ ತಡ, ಕರೆಂಟು ಎಷ್ಟು ಸಲ ಹೋಯಿತು, ಯಾವ ಪ್ರೋಗ್ರಾಮ್ ಎಷ್ಟು ಹೊತ್ತು ಓಡಿತು, ಇಂಥವೇ. ಈ ಕಥನದ ಅಂಕಿಗಳೆಲ್ಲ ಆ ವರ್ಷದ ಡೈರಿಯಿಂದ ತೆಗೆದವು. ಆ ಡೈರಿ ಇಲ್ಲದಿದ್ದರೆ ಒಬ್ಬ ಹೆಂಗಸು ಮಾಡದ ತಪ್ಪಿಗೆ ಕೆಲಸ ಕಳೆದುಕೊಳ್ಳುತ್ತಿದ್ದಳು. ಆ ತಪ್ಪು ಮಾಡಿದವಳು ನಾನು.

ಸೊರಬದ ಕಾಡಂಚಿನ ಹಳ್ಳಿಗಳಲ್ಲಿ ಮಂಗನ ಕಾಯಿಲೆಯ ಲಸಿಕೆ ಹಾಕಿಸಿಕೊಂಡವರ ಪಟ್ಟಿ ಇಡುವುದು ನಮ್ಮ ಟ್ರಸ್ಟ್‌ನ ಕೆಲಸವಾಗಿತ್ತು. ಲಸಿಕೆ ಹಾಕುವ ತಂಡ ಬೇರೆ. ಯಾರಿಗೆ ಯಾವ ಡೋಸ್ ಆಯಿತು, ಯಾರನ್ನು ಯಾವ ದಿನ ಕರೆಯಬೇಕು ಎಂದು ಬರೆದಿಡುವವರು ನಾವು. ಮೊದಲನೇ ಡೋಸ್ ಆದ ಒಂದು ತಿಂಗಳಿಗೆ ಎರಡನೆಯದು ಆಗಲೇಬೇಕು. ಒಂದೇ ಡೋಸ್ ಹಾಕಿಸಿಕೊಂಡು ತರಗೆಲೆ ಗುಡಿಸಲು ಕಾಡಿಗೆ ಹೋದರೆ, ಕಾಯಿಲೆ ಹರಡುವ ಉಣುಗು ಎಂಬ ರಕ್ತ ಹೀರುವ ಹುಳು ಕಚ್ಚಿದಾಗ ಆ ಒಂದು ಡೋಸನ್ನು ನಂಬಿ ಕೂರುವ ಹಾಗಿರಲಿಲ್ಲ. ಡಿಸೆಂಬರ್ ಬಂತೆಂದರೆ ಕಾಯಿಲೆಯ ಕಾಲ ಶುರು.

ಪಟ್ಟಿ ಶಿಕಾರಿಪುರದ ಸರ್ವರ್‌ನಲ್ಲಿತ್ತು. ಸೊರಬದ ನಮ್ಮ ಒಂದು ಕೋಣೆಯ ಕಚೇರಿಯಿಂದ ಗಿರಿಜಮ್ಮ ಟೆಲಿಫೋನ್ ಲೈನಿನ ಮೂಲಕ ಅದನ್ನು ಬ್ರೌಸರ್‌ನಲ್ಲಿ ತೆರೆಯುತ್ತಿದ್ದರು. ಅವರಿಗೆ ಆಗ ನಲವತ್ತೇಳು ವರ್ಷ, ಊರು ಉಳವಿ. ಹದಿನಾಲ್ಕು ಹಳ್ಳಿಗಳ ದಾಖಲೆ ಅವರ ಕೈಯಲ್ಲಿತ್ತು. ಹಳ್ಳಿಗಳಲ್ಲಿ ಅವರನ್ನು ಚೀಟಿ ಗಿರಿಜಮ್ಮ ಎನ್ನುತ್ತಿದ್ದರು. ಲಸಿಕೆ ಹಾಕಿಸಿಕೊಂಡವರ ಸಹಿ ಅಥವಾ ಹೆಬ್ಬೆಟ್ಟು ಇರುವ ಚೀಟಿಗೆ ಅವರೂ ಸಹಿ ಹಾಕುತ್ತಿದ್ದರು. ಆಮೇಲೆ ಆ ಹೆಸರಿನ ಮುಂದೆ ಕಂಪ್ಯೂಟರ್‌ನಲ್ಲಿ ಗುರುತು ಬೀಳಬೇಕು.

ಇಲ್ಲಿ ಎರಡು ವಿಷಯ ಹೇಳಬೇಕು. ಬ್ರೌಸರ್‌ನಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವರಿಗೆ ಸರ್ವರ್ ಒಂದು ಗುರುತಿನ ಚೀಟಿ ಕೊಡುತ್ತದೆ. ಅದಕ್ಕೆ ಕುಕಿ ಎನ್ನುತ್ತಾರೆ. ಆಮೇಲೆ ಪ್ರತಿ ಪುಟ ಕೇಳುವಾಗಲೂ ಬ್ರೌಸರ್ ಆ ಕುಕಿಯನ್ನು ತೋರಿಸುತ್ತದೆ. ಒಬ್ಬರು ಎರಡು ಕಡೆ ಕೂರಬಾರದೆಂದು ಟ್ರಸ್ಟ್‌ನ ಕಾರ್ಯದರ್ಶಿಗಳು ಹೇಳಿದ್ದರಿಂದ ನಾನೊಂದು ನಿಯಮ ಮಾಡಿದ್ದೆ. ಅದೇ ಹೆಸರಿನವರು ಇನ್ನೊಂದು ಕಡೆಯಿಂದ ಒಳಗೆ ಬಂದರೆ ಹಳೆಯ ಕುಕಿ ಆ ಕ್ಷಣವೇ ರದ್ದು.

ಎರಡನೆಯದು ನಮ್ಮ ಕಚೇರಿಯ ಪದ್ಧತಿ. ಗಿರಿಜಮ್ಮ ಹಳ್ಳಿಗೆ ಹೋದ ದಿನ ಚೀಟಿಗಳನ್ನು ಬಟ್ಟೆ ಚೀಲದಲ್ಲಿ ಹಾಕಿ ಶಿಕಾರಿಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಚೀಲ ಬಂದ ಕೂಡಲೇ ನಮ್ಮಲ್ಲಿ ಯಾರು ಬಿಡುವಾಗಿದ್ದಾರೋ ಅವರು ಗಿರಿಜಮ್ಮನ ಹೆಸರಿನಲ್ಲಿ ಒಳಗೆ ಹೋಗಿ ಅವುಗಳನ್ನು ಕಂಪ್ಯೂಟರ್‌ಗೆ ಹೊಡೆದು ಮುಗಿಸುತ್ತಿದ್ದರು. ಕಾರ್ಯದರ್ಶಿ ಬಸವರಾಜಪ್ಪನವರು ನಿವೃತ್ತ ಹೆಡ್‌ಮಾಸ್ಟರ್, ಶಿಸ್ತಿನ ಮನುಷ್ಯ. ಅವರೇ ಹೇಳಿದ ಮಾತು: "ಯಾರ ಚೀಟಿಯೋ ಅವರ ಹೆಸರು." ಹಳ್ಳಿಗಳ ದಾಖಲೆ ಬರೆಯುವ ಮೂವರ ಪಾಸ್‌ವರ್ಡ್‌ಗಳನ್ನೂ ಒಂದು ಹಾಳೆಯ ಮೇಲೆ ದುಂಡಗೆ ಬರೆದು ಕಬ್ಬಿಣದ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದರು. ಗಿರಿಜಮ್ಮನ ಪಾಸ್‌ವರ್ಡ್ ಚಂದ್ರಿ. ಅದು ಅವರ ಎಮ್ಮೆಯ ಹೆಸರು.

ಆ ನವೆಂಬರ್‌ನಲ್ಲಿ ಎರಡು ಸಾವಿರನೇ ಇಸವಿಯ ಭಯ ಎಲ್ಲೆಡೆ ಇತ್ತು. ನಮ್ಮ ಪ್ರೋಗ್ರಾಮ್‌ನಲ್ಲೂ ಇಸವಿಗೆ ಎರಡೇ ಅಂಕೆ. 99 ಆದ ಮೇಲೆ 00 ಬಂದರೆ ಎರಡನೇ ಡೋಸ್‌ನ ದಿನದ ಲೆಕ್ಕ ನೂರು ವರ್ಷ ಹಿಂದಕ್ಕೆ ಹೋಗುತ್ತಿತ್ತು. ದಿನಕ್ಕೆ ಎರಡು ಮೂರು ಕಡತ ತಿದ್ದಬೇಕಾಗಿತ್ತು. ತಿದ್ದಿದ್ದು ಬೇರೆ ಏನನ್ನಾದರೂ ಕೆಡಿಸಿದೆಯೇ ಎಂದು ಪ್ರತಿದಿನ ಕೈಯಿಂದ ಪರೀಕ್ಷಿಸಲು ಬೇಸರವಾಯಿತು. ಹಾಗಾಗಿ ಪರ್ಲ್ ಭಾಷೆಯಲ್ಲಿ ಒಂದು ಪುಟ್ಟ ಪರೀಕ್ಷಾ ಪ್ರೋಗ್ರಾಮ್ ಬರೆದೆ. ಅದು ಮನುಷ್ಯರ ಹಾಗೆ ನಟಿಸುತ್ತಿತ್ತು. ಲಾಗಿನ್ ಪುಟಕ್ಕೆ ಹೋಗಿ, ಹೆಸರು ಪಾಸ್‌ವರ್ಡ್ ಕೊಟ್ಟು, ಕುಕಿ ಪಡೆದು, ಪಟ್ಟಿ ತೆರೆಯುವುದು. ಎರಡನೇ ಡೋಸ್ ಖಾಲಿ ಇರುವ ಮೊದಲ ಐದು ಹೆಸರಿಗೆ "ಆಯಿತು" ಎಂದು ಗುರುತು ಹಾಕುವುದು. ಆಮೇಲೆ ಅದೇ ಐದನ್ನೂ ರದ್ದು ಮಾಡಿ ಮೊದಲಿದ್ದ ಹಾಗೆ ಬಿಡುವುದು. ಒಟ್ಟು ಹನ್ನೆರಡು ಪುಟ. ಫೋನ್ ಲೈನಿನ ನಿಧಾನಕ್ಕೆ ಹೊಂದಲೆಂದು ಪುಟಕ್ಕೆ ಅರ್ಧ ನಿಮಿಷ ಬಿಡುವು ಇಟ್ಟೆ. ಬೆಳಿಗ್ಗೆ ಒಂಬತ್ತು ಐದಕ್ಕೆ ಶುರುವಾಗಿ ಒಂಬತ್ತು ಹನ್ನೊಂದರ ಒಳಗೆ ಮುಗಿಯುತ್ತಿತ್ತು.

ಯಾವ ಹೆಸರಿನಲ್ಲಿ ಒಳಗೆ ಹೋಗಬೇಕು ಎಂಬುದು ಪ್ರಶ್ನೆಯಾಯಿತು. ನನ್ನ ಲಾಗಿನ್‌ಗೆ ಡೋಸ್ ಗುರುತು ಹಾಕುವ ಅಧಿಕಾರ ಇರಲಿಲ್ಲ. ಪರೀಕ್ಷೆಗೆಂದೇ ಹೊಸ ಹೆಸರು ಸೃಷ್ಟಿಸಲು ಸಮಿತಿಯ ಇಬ್ಬರ ಸಹಿ ಬೇಕು. ಸಮಿತಿ ಕೂರುವುದು ತಿಂಗಳಿಗೊಮ್ಮೆ. ಕಪಾಟಿನ ಬಾಗಿಲು ತೆರೆದೇ ಇತ್ತು. ಹಾಳೆಯ ಮೊದಲ ಸಾಲಿನಲ್ಲೇ ಗಿರಿಜಮ್ಮನ ಹೆಸರಿತ್ತು. ಅದನ್ನೇ ಹಾಕಿದೆ. ಅವರನ್ನು ಕೇಳಬೇಕು ಎಂದು ನನಗೆ ಹೊಳೆಯಲೂ ಇಲ್ಲ. ಎಲ್ಲರೂ ದಿನಾ ಅವರ ಹೆಸರಿನಲ್ಲಿ ಹೋಗಿ ಬರುತ್ತಿದ್ದೆವು. ಪಟ್ಟಿಯ ಇನ್ನೊಂದು ಪ್ರತಿ ಮಾಡಿ ಅದರ ಮೇಲೆ ಪರೀಕ್ಷೆ ನಡೆಸಬಹುದಿತ್ತು. ಹೇಗೂ ರದ್ದು ಮಾಡುತ್ತೇನಲ್ಲ ಎಂದು ಅದನ್ನೂ ಮಾಡಲಿಲ್ಲ.

ನವೆಂಬರ್ 15, ಸೋಮವಾರದಿಂದ ಪರೀಕ್ಷೆ ಶುರುವಾಯಿತು. ಡೈರಿಯಲ್ಲಿ ಒಂದು ಕಾಲಂ ಎಳೆದೆ: "ಪರೀಕ್ಷೆ: 12ಕ್ಕೆ 12." ಪಕ್ಕದಲ್ಲಿ ಮೊದಲೇ ಇನ್ನೊಂದು ಕಾಲಂ ಇತ್ತು: "ಸೊರಬ ಒಳಬಂದದ್ದು." ಸೊರಬದ ಲೈನು ಪದೇ ಪದೇ ಕಡಿಯುತ್ತಿದ್ದುದರಿಂದ ದೂರು ಕೊಡಲು ಬೇಕೆಂದು, ಫೋನ್ ಲೈನಿನ ದಾಖಲೆ ನೋಡಿ, ಗಿರಿಜಮ್ಮ ದಿನಾ ಎಷ್ಟು ಗಂಟೆಗೆ ಲಾಗಿನ್ ಆದರು ಎಂದು ಬರೆದಿಡುತ್ತಿದ್ದೆ. ಎರಡು ಕಾಲಂಗಳ ನಡುವೆ ಒಂದು ಗೆರೆ. ಹದಿಮೂರು ದಿನ ನಾನು ಆ ಗೆರೆಯ ಎರಡೂ ಕಡೆ ಬರೆದೆ, ಅಡ್ಡಲಾಗಿ ಒಮ್ಮೆಯೂ ಓದಲಿಲ್ಲ.

ನವೆಂಬರ್ 29, ಸೋಮವಾರ. ಹನ್ನೊಂದು ಗಂಟೆಗೆ ಕ್ಯಾಸನೂರಿನಿಂದ ಕೆರಿಯಪ್ಪ ಎಂಬವರು ಬಂದರು. ಐವತ್ತು ದಾಟಿದ ಗಟ್ಟಿ ಆಳು. ನೇರ ಕಾರ್ಯದರ್ಶಿಗಳ ಮೇಜಿನ ಮುಂದೆ ನಿಂತು ಅಂಗಿಯ ತೋಳು ಮೇಲಕ್ಕೆ ಸರಿಸಿದರು.

"ನೋಡಿ ಸ್ವಾಮಿ. ಒಂದು ಸೂಜಿ ಚುಚ್ಚಿಸ್ಕಂಡಿದ್ದೆ, ಇಲ್ಲಿ. ಎರಡನೇದೂ ಹಾಕಿ ಆಗಿದೆ ಅಂತ ನಿಮ್ಮ ಕಾಗದ ಹೇಳ್ತದಂತೆ. ಹಾಕಿದ್ದು ನನ್ನ ತೋಳಿಗೋ, ಕಾಗದಕ್ಕೋ?"

ಬಸವರಾಜಪ್ಪನವರು ಕನ್ನಡಕ ಸರಿಪಡಿಸಿಕೊಂಡರು. "ಕೂತ್ಕೊಂಡು ಹೇಳ್ರಿ. ಯಾರು ಹಂಗಂದಿದ್ದು?"

"ಗಿರಿಜಮ್ಮನೇ ಅಂದಿದ್ದು. ಶನಿವಾರ ನಮ್ಮೂರಲ್ಲಿ ಹಾಕಿದ್ರು. ಸಾಲಲ್ಲಿ ನಿಂತೆ. ಪಟ್ಟಿ ನೋಡಿ, 'ಕೆರಿಯಣ್ಣ, ನಿಂದು ಆಗಿದೆಯಲ್ಲ, ಮನೆಗೆ ಹೋಗು' ಅಂದ್ಲು. ನಂಗೆ ಮರೆವಂತೆ. ನನ್ನ ತೋಳು ನಂಗೆ ಗೊತ್ತಿಲ್ವ? ನಾನೊಬ್ಬನೇ ಅಲ್ಲ, ಏಳೆಂಟು ಜನ ವಾಪಸ್ ಹೋದ್ರು. ಊರಲ್ಲಿ ಎಂತೆಂತದೋ ಮಾತು. ನಮ್ಮ ಪಾಲಿನ ಔಷಧಿ ಯಾರಿಗೋ ಹೋಯ್ತು ಅಂತಾರೆ."

ಅವರನ್ನು ಚಹಾ ಕುಡಿಸಿ ಕಳಿಸಿದ ಮೇಲೆ ಕಾರ್ಯದರ್ಶಿಗಳು ಬಾಗಿಲು ಮುಂದೆ ಮಾಡಿದರು. ಕ್ಯಾಸನೂರಿನ ಪಟ್ಟಿಯನ್ನು ಮುದ್ರಿಸಿ ಕೊಡಲು ನನಗೆ ಹೇಳಿ, ಚೀಟಿಗಳ ಕಟ್ಟು ಬಿಚ್ಚಿ ಒಂದೊಂದನ್ನೇ ತಾಳೆ ನೋಡಿದರು. ಎರಡು ಗಂಟೆ ಹಿಡಿಯಿತು. ಶನಿವಾರಕ್ಕೆ ಮೊದಲೇ ಎರಡನೇ ಡೋಸ್ ಆಗಿದೆ ಎಂದು ಗುರುತು ಬಿದ್ದ ಹೆಸರುಗಳು ಹತ್ತೊಂಬತ್ತು. ಒಂದಕ್ಕೂ ಚೀಟಿ ಇಲ್ಲ. ಹತ್ತೊಂಬತ್ತರ ಮುಂದೆಯೂ ದಾಖಲಿಸಿದವರು ಗಿರಿಜಮ್ಮ ಎಂದೇ ಇತ್ತು.

ಅವರು ನನ್ನ ಕಡೆ ತಿರುಗಿದರು. "ಏನಮ್ಮ ಶೈಲಜಾ, ನಿನ್ನ ಪ್ರೋಗ್ರಾಮಿನಾಗ ಏನಾದ್ರೂ ದೋಷ ಐತೇನು? ಯೋಚನೆ ಮಾಡಿ ಹೇಳು."

ನಾನು ಯೋಚನೆ ಮಾಡಲಿಲ್ಲ. ಡೈರಿ ತೆರೆದು ತೋರಿಸಿದೆ. "ಇಲ್ಲ ಸಾರ್. ದಿನಾ ಬೆಳಿಗ್ಗೆ ಪರೀಕ್ಷೆ ನಡೀತದೆ. ಹದಿಮೂರು ದಿನ ಆಯ್ತು, ಹದಿಮೂರು ದಿನವೂ ಸರಿ ಇದೆ."

ಅಷ್ಟು ಸಾಕಾಯಿತು. ಅವರು ನನ್ನೆದುರೇ ಸೊರಬಕ್ಕೆ ಫೋನ್ ಮಾಡಿದರು. "ಗಿರಿಜಮ್ಮ, ಬುಧವಾರ ಹನ್ನೊಂದಕ್ಕೆ ಸಮಿತಿ ಐತಿ. ನೀವು ಬರಬೇಕ್ರಿ. ಹಾಕದ ಲಸಿಕೆ ಹಾಕ್ಯಾರ ಅಂತ ಬರೆದಿದ್ದಕ್ಕ ಉತ್ತರ ಕೊಡಬೇಕಾಗ್ತದೆ. ಮಿಷನ್ ಸರಿ ಐತಿ, ಶೈಲಜಾ ಬರೆದಿಟ್ಟದ್ದು ತೋರಿಸ್ಯಾಳ." ಆ ಕಡೆಯಿಂದ ಏನು ಬಂತೋ ನನಗೆ ಕೇಳಲಿಲ್ಲ. ಅವರು "ಅಲ್ಲೇ ಹೇಳ್ರಿ" ಎಂದು ಇಟ್ಟರು. ಸಂಜೆ ಒಂದು ಪತ್ರ ಬೆರಳಚ್ಚಾಯಿತು. ಗುರಿ ಮುಟ್ಟಿಸಲು ಸುಳ್ಳು ದಾಖಲೆ ಸೃಷ್ಟಿಸಿದ ಕಾರಣ ಡಿಸೆಂಬರ್ 1ರಿಂದ ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು. ಸಹಿಯ ಜಾಗ ಮಾತ್ರ ಖಾಲಿ.

ಮಂಗಳವಾರ ಕಾರ್ಯದರ್ಶಿಗಳು ಬೇರೆ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದರು. ಸೊರಬದ ರಿಜಿಸ್ಟರ್ ಮತ್ತು ಉಳಿದ ಚೀಟಿಗಳನ್ನು ತರಲು ನನ್ನನ್ನು ಕಳಿಸಿದರು. ಹತ್ತು ಮುಕ್ಕಾಲಿಗೆ ನಾನು ಸೊರಬದ ಕಚೇರಿ ಮುಟ್ಟಿದಾಗ ಗಿರಿಜಮ್ಮ ಚೀಟಿಗಳನ್ನು ಹಳ್ಳಿವಾರು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ ಸಾಲಾಗಿ ಇಟ್ಟಿದ್ದರು. ಎಂದಿನ ಹಾಗೆ "ಬಾ ಶೈಲಾ" ಎನ್ನಲಿಲ್ಲ.

"ತಗೊಂಡು ಹೋಗು. ಹದಿನಾಲ್ಕು ಕಟ್ಟು ಇದೆ, ಎಣಿಸ್ಕೋ. ಆಮೇಲೆ ಒಂದು ಕಟ್ಟು ಕಮ್ಮಿ ಅಂತ ಅದೂ ನನ್ನ ತಲೆಗೆ ಬರೋದು ಬೇಡ."

"ಗಿರಿಜಕ್ಕ, ನಾನೇನು…"

"ನೀನೇನೂ ಅಂದಿಲ್ಲ ಬಿಡು. ನಿನ್ನ ಮಿಷನ್ನು ಅಂದಿದೆ. ಮೇಷ್ಟ್ರು ಫೋನಲ್ಲಿ ಹೇಳಿದ್ರು, ಮಿಷನ್ ಸರಿ ಇದೆಯಂತೆ, ನೀನೇ ಬರೆದು ತೋರ್ಸಿದ್ಯಂತೆ. ಹಂಗಾದ್ರೆ ಸರಿ ಇಲ್ದೇ ಇರೋದು ನಾನು." ಕೊನೆಯ ಕಟ್ಟನ್ನು ನನ್ನತ್ತ ತಳ್ಳಿ ಮತ್ತೆ ಹೇಳಿದರು: "ನಿನ್ನೆ ಉಳವಿಯಲ್ಲಿ ಬಸ್ಸು ಹತ್ತಿದ್ರೆ ಪಕ್ಕದ ಸೀಟಿನವಳು ಎದ್ದು ಹಿಂದೆ ಹೋದ್ಲು. ಇಪ್ಪತ್ತು ವರ್ಷದಿಂದ ನಂಗೆ ಜಾಗ ಹಿಡಿದು ಕೊಡ್ತಿದ್ದೋಳು. ಕೆಲಸ ಹೋದ್ರೆ ಹೋಗ್ಲಿ. ಆ ಬಸ್ಸಲ್ಲೇ ನಾನು ಸಾಯೋ ತನಕ ಓಡಾಡಬೇಕಲ್ಲ."

ಅವರು ಒಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆಯನ್ನು ಸೋಮವಾರ ನಾನೇ ಕೇಳಿಕೊಳ್ಳಬೇಕಾಗಿತ್ತು.

"ಎಷ್ಟೊತ್ತಿಗೆ ಬರೆದಿದ್ದೀನಂತೆ ನಾನು ಅದನ್ನ?"

ಮುದ್ರಿಸಿದ ಪಟ್ಟಿಯಲ್ಲಿ ದಿನಾಂಕ ಮಾತ್ರ ಇತ್ತು. ಗಂಟೆ, ನಿಮಿಷ ಸರ್ವರ್‌ನ ಕಡತದಲ್ಲಿತ್ತು; ಜಾಗ ಉಳಿಸಲು ನಾನೇ ಅದನ್ನು ಮುದ್ರಣದಿಂದ ಬಿಟ್ಟಿದ್ದೆ. ಗುರುತು ಬಿದ್ದದ್ದು ಯಾವ ಕಂಪ್ಯೂಟರ್‌ನಿಂದ ಎಂಬುದಂತೂ ದಾಖಲಾಗುತ್ತಲೇ ಇರಲಿಲ್ಲ. ಅವರ ಕಂಪ್ಯೂಟರ್ ಮುಂದೆ ಕೂತು ಲೈನ್ ಹಚ್ಚಿದೆ. ಮೂರನೇ ಸಲಕ್ಕೆ ತಗುಲಿತು. ಹತ್ತೊಂಬತ್ತು ಸಾಲುಗಳು ನಿಧಾನಕ್ಕೆ ಇಳಿದವು. ಎಲ್ಲವೂ ಬೆಳಿಗ್ಗೆ ಒಂಬತ್ತು ಆರರಿಂದ ಒಂಬತ್ತು ಎಂಟರ ಒಳಗೆ.

ಗಿರಿಜಮ್ಮ ನನ್ನ ಭುಜದ ಮೇಲಿಂದ ಓದಿದರು. "ಎಂತ ಮಾರಾಯ್ತಿ ಇದು? ಬಸ್ಸು ಸರಿಯಾಗಿ ಬಂದ ದಿನ ಆ ಹೊತ್ತಿಗೆ ನಾನು ಬೀಗ ತೆಗ್ದು ಲೈನ್ ಹಚ್ಚುತಾ ಇರ್ತೀನಿ. ತಡ ಆದ್ರೆ ಇನ್ನೂ ಬಸ್ಸಲ್ಲೇ. ಹಳ್ಳಿಯಿಂದ ಚೀಟಿ ಬರೋದೇ ಮಧ್ಯಾಹ್ನ. ಬೆಳಿಗ್ಗೆ ಬರೆಯೋಕೆ ನನ್ನ ಹತ್ರ ಎಂತ ಇರ್ತದೆ?"

ಒಂಬತ್ತು ಆರು. ನನ್ನ ಪರೀಕ್ಷೆ ಮೊದಲ ಗುರುತು ಹಾಕುವ ನಿಮಿಷ ಅದು. ಆದರೂ ಅವರಿಗೆ ಏನೂ ಹೇಳಲಿಲ್ಲ. ಖಚಿತವಾಗದೆ ಹೇಳಬಾರದು ಎಂದುಕೊಂಡೆ ಎಂದು ಅಂದಿನ ಡೈರಿಯಲ್ಲಿದೆ. ಅದು ಅರ್ಧ ನಿಜ. ಇನ್ನರ್ಧ ಹೆದರಿಕೆ.

ವಾಪಸ್ ಬಸ್ಸಿನಲ್ಲಿ ಹದಿನಾಲ್ಕು ಕಟ್ಟುಗಳನ್ನು ಕಾಲಬಳಿ ಇಟ್ಟುಕೊಂಡು ಡೈರಿ ತೆರೆದೆ. ಮೊದಲ ಬಾರಿಗೆ ಎರಡು ಕಾಲಂಗಳನ್ನು ಅಡ್ಡಲಾಗಿ ಓದಿದೆ. ಸೊರಬ ಒಳಬಂದದ್ದು, 16ನೇ ತಾರೀಕು 9.08. 18ರಂದು 9.07. 19ರಂದು 9.08. 24ರಂದು 9.07. 26ರಂದು 9.09. ಬಾಕಿ ದಿನಗಳಲ್ಲಿ 9.20, 9.35, ಒಮ್ಮೆ ಹತ್ತು ಗಂಟೆ. ಅವರು ಹಳ್ಳಿಗೆ ಹೋದ ದಿನ ಗೀಟು. ಹತ್ತೊಂಬತ್ತು ಸುಳ್ಳು ಗುರುತುಗಳು ಬಿದ್ದದ್ದೂ ಅದೇ ಐದು ದಿನ: ಐದು, ಮೂರು, ಐದು, ನಾಲ್ಕು, ಎರಡು. ಬಸ್ಸು ಶಿರಾಳಕೊಪ್ಪ ದಾಟುವ ಹೊತ್ತಿಗೆ ಮೂರು ಸಲ ಕೂಡಿದ್ದೆ. ಮೂರು ಸಲವೂ ಹತ್ತೊಂಬತ್ತೇ. ಉಳವಿಯ ಬಸ್ಸು ಸರಿಯಾದ ಹೊತ್ತಿಗೆ ಬಂದ ದಿನಗಳೇ ತಪ್ಪಾದ ದಿನಗಳು.

ನಡೆದದ್ದು ಇಷ್ಟು. ಒಂಬತ್ತು ಐದಕ್ಕೆ ನನ್ನ ಪ್ರೋಗ್ರಾಮ್ ಗಿರಿಜಮ್ಮನಾಗಿ ಒಳಗೆ ಹೋಗಿ ಗುರುತು ಹಾಕಲು ತೊಡಗುತ್ತಿತ್ತು. ಅಷ್ಟರಲ್ಲಿ ನಿಜವಾದ ಗಿರಿಜಮ್ಮ ಸೊರಬದಲ್ಲಿ ಲಾಗಿನ್ ಆಗುತ್ತಿದ್ದರು. ಒಬ್ಬರು ಒಂದೇ ಕಡೆ ಎಂಬ ನಿಯಮದಂತೆ ಸರ್ವರ್ ಹಳೆಯ ಕುಕಿಯನ್ನು, ಎಂದರೆ ನನ್ನ ಪ್ರೋಗ್ರಾಮಿನ ಕುಕಿಯನ್ನು, ರದ್ದು ಮಾಡುತ್ತಿತ್ತು. ಹಾಕಿದ ಗುರುತು ಹಾಕಿದ ಹಾಗೇ ಉಳಿಯುತ್ತಿತ್ತು. ಅಳಿಸುವ ಅಧಿಕಾರ ಹೋಗಿರುತ್ತಿತ್ತು. ಪಟ್ಟಿಯಲ್ಲಿ ಮೊದಲು ಬರುವ ಊರು ಕ್ಯಾಸನೂರು, ಹಾಗಾಗಿ ಎಲ್ಲವೂ ಅಲ್ಲಿಯ ಹೆಸರುಗಳ ಮೇಲೆಯೇ ಬಿದ್ದವು.

ಹಾಗಾದರೆ ಪರೀಕ್ಷೆ ಹನ್ನೆರಡಕ್ಕೆ ಹನ್ನೆರಡು ಎಂದು ಹೇಗೆ ಹೇಳಿತು? ಆ ಸಂಜೆ ನಾಲ್ಕು ಗಂಟೆಗೆ ಕಚೇರಿಯಲ್ಲಿ ಅದನ್ನು ಕಣ್ಣಾರೆ ಕಂಡೆ. ಪ್ರೋಗ್ರಾಮನ್ನು ಕೈಯಿಂದ ಓಡಿಸಿ, ನಡುವೆ ಇನ್ನೊಂದು ಕಂಪ್ಯೂಟರ್‌ನಿಂದ ಗಿರಿಜಮ್ಮನ ಹೆಸರಿನಲ್ಲಿ ಲಾಗಿನ್ ಆದೆ. ಪ್ರೋಗ್ರಾಮಿಗೆ ಸರ್ವರ್ ಕೊಟ್ಟ ಹನ್ನೆರಡು ಪುಟಗಳನ್ನೂ ಮುದ್ರಿಸಿದೆ. ಏಳು ಪುಟ ಸರಿಯಾದವು. ಕೊನೆಯ ಐದೂ ಒಂದೇ ಪುಟ: ಹೆಸರು ಮತ್ತು ಪಾಸ್‌ವರ್ಡ್ ಹಾಕಿ ಎಂದು ಕೇಳುವ ಲಾಗಿನ್ ಪುಟ. ಪುಟ ಸರಿಯಾಗಿ ಕೊಟ್ಟಾಗ ಸರ್ವರ್ 200 ಎಂಬ ಸಂಖ್ಯೆ ಕಳಿಸುತ್ತದೆ. ನಾನು ಎಣಿಸುತ್ತಿದ್ದುದು ಆ 200ಗಳನ್ನು ಮಾತ್ರ. ಬಾಗಿಲಿಂದ ಹೊರಗೆ ಹಾಕಿದ ಪುಟಕ್ಕೂ 200 ಬರುತ್ತಿತ್ತು. ಬಂದ ಪುಟ ಯಾವುದು ಎಂದು ನನ್ನ ಪ್ರೋಗ್ರಾಮ್ ಒಮ್ಮೆಯೂ ಓದಿರಲಿಲ್ಲ.

ಈ ಪ್ರಯೋಗದಲ್ಲಿ ಬಿದ್ದ ಐದು ಗುರುತುಗಳನ್ನು ಕೈಯಿಂದ ಅಳಿಸಿ, ಪ್ರೋಗ್ರಾಮನ್ನು ನಿಲ್ಲಿಸಿದೆ. ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ಕಡತವನ್ನೇ ಅಳಿಸಿಬಿಟ್ಟರೆ ಅದು ಇತ್ತೆಂದು ಯಾರಿಗೂ ಗೊತ್ತಾಗದು ಎಂಬ ಯೋಚನೆ ಬಂತು. ಬಂತು ಎಂದು ಡೈರಿಯಲ್ಲಿ ಬರೆದಿದ್ದೇನೆ. ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಹನ್ನೆರಡು ಪುಟಗಳನ್ನು ಪಿನ್ ಮಾಡಿ ಚೀಲದಲ್ಲಿ ಇಟ್ಟುಕೊಂಡು ಐದೂವರೆಯ ಬಸ್ಸು ಹಿಡಿದೆ. ಶಿವಮೊಗ್ಗದಲ್ಲಿದ್ದ ಕಾರ್ಯದರ್ಶಿಗಳನ್ನು ಫೋನಿನಲ್ಲಿ ಹಿಡಿಯಲಾಗಲಿಲ್ಲ. ಲಸಿಕೆಯ ತಂಡ ಸುತ್ತಿನ ಹಳ್ಳಿಗಳಲ್ಲಿ ಬಿಟ್ಟುಹೋದವರಿಗಾಗಿ ಕೊನೆಯ ಸಲ ಉಳವಿಗೆ ಬರುವುದು ಗುರುವಾರ. ಆ ಪಟ್ಟಿ ಬುಧವಾರ ಸಂಜೆಯೊಳಗೆ ಹೋಗಬೇಕಿತ್ತು.

ಡಿಸೆಂಬರ್ 1, ಬುಧವಾರ. ಕಾರ್ಯದರ್ಶಿಗಳು ಬಸ್ಸಿಳಿದು ನೇರ ಸಭೆಗೇ ಬಂದರು. ಸಮಿತಿಯ ಇನ್ನಿಬ್ಬರು ಸದಸ್ಯರು ಆಗಲೇ ಕೂತಿದ್ದರು. ಗಿರಿಜಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿ, ಮಡಿಲಲ್ಲಿ ಕೈಚೀಲ ಹಿಡಿದು. ಬಸವರಾಜಪ್ಪನವರು ಪತ್ರ ತೆಗೆದು ಓದಲು ಶುರು ಮಾಡಿದರು. "ಸುಳ್ಳು ದಾಖಲೆ" ಎಂಬಲ್ಲಿಗೆ ಬಂದಾಗ ನಾನು ಎದ್ದು ನಿಂತೆ.

"ಸಾರ್, ಅದನ್ನ ಬರೆದಿದ್ದು ಗಿರಿಜಮ್ಮ ಅಲ್ಲ. ನಾನು."

ಓದು ನಿಂತಿತು. "ನಡುವ ಬಾಯಿ ಹಾಕಬ್ಯಾಡ. ಏನಂದಿ?"

ಪುಟಗಳನ್ನು ಮೇಜಿನ ಮೇಲೆ ಹರಡಿದೆ. ಡೈರಿಯ ಎರಡು ಕಾಲಂ ತೋರಿಸಿದೆ. ಹೇಳಿ ಮುಗಿಸಲು ಹದಿನೈದು ನಿಮಿಷ ಬೇಕಾಯಿತು. ಸದಸ್ಯರೊಬ್ಬರು ಒಂದೇ ಥರದ ಐದು ಲಾಗಿನ್ ಪುಟಗಳನ್ನು ತಿರುಗಿಸಿ ಮುರುಗಿಸಿ ನೋಡಿದರು.

ಬಸವರಾಜಪ್ಪನವರ ದನಿ ಏರಲಿಲ್ಲ. "ಸೋಮವಾರ ದೋಷ ಇಲ್ಲ ಅಂದಿದ್ದಿ."

"ಅಂದಿದ್ದೆ ಸಾರ್."

"ಯೋಚನೆ ಮಾಡಿ ಹೇಳು ಅಂದಿದ್ದೆ ನಾನು."

"ಮಾಡಿರಲಿಲ್ಲ ಸಾರ್."

"ಇವರ ಪಾಸ್‌ವರ್ಡ್ ನಿನಗ ಯಾರು ಕೊಟ್ರು? ಗಿರಿಜಮ್ಮ, ನೀವು ಕೊಟ್ರೇನ್ರಿ? ಹಂಗಿದ್ರೆ ಅದೂ ತಪ್ಪೇ ಆಗ್ತದೆ."

ಗಿರಿಜಮ್ಮ ಮೊದಲ ಸಲ ತಲೆಯೆತ್ತಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಅವರು ಕೊಟ್ಟಿಲ್ಲ ಸಾರ್. ಕಪಾಟಿನ ಬಾಗಿಲಲ್ಲಿದೆ."

ಕಪಾಟು ಅವರ ಬೆನ್ನ ಹಿಂದೆಯೇ ಇತ್ತು. ಒಂದು ಬಾಗಿಲು ಎಂದಿನಂತೆ ತೆರೆದಿತ್ತು. ಸದಸ್ಯರಿಬ್ಬರೂ ಅತ್ತ ನೋಡಿದರು. ಬಸವರಾಜಪ್ಪನವರೂ ಕುರ್ಚಿ ತಿರುಗಿಸಿ ನೋಡಿದರು. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಅದೇ ದುಂಡು ಅಕ್ಷರ. ಮೊದಲ ಸಾಲು: ಗಿರಿಜಮ್ಮ, ಚಂದ್ರಿ.

"ಚಂದ್ರಿ ಅಂದ್ರೆ ಯಾರ್ರಿ?" ಒಬ್ಬ ಸದಸ್ಯರು ಕೇಳಿದರು.

"ನನ್ನ ಎಮ್ಮೆ ಸ್ವಾಮಿ," ಗಿರಿಜಮ್ಮ ಎಂದರು. "ಅದೊಂದು ಬಾಕಿ ಇತ್ತು, ಅದನ್ನೂ ಕರೆಸಿ ಕೇಳಿ."

ಬಸವರಾಜಪ್ಪನವರು ಎದ್ದು, ಉಗುರಿನಿಂದ ಹಾಳೆಯ ಅಂಚು ಕೆರೆದು, ನಿಧಾನಕ್ಕೆ ಕಿತ್ತು ತೆಗೆದರು. ಅಂಟಿದ ಎರಡು ಮೂಲೆ ಬಾಗಿಲಲ್ಲೇ ಉಳಿದವು. ಆ ಹಾಳೆಯನ್ನೂ ಸಹಿಯಾಗದ ಪತ್ರವನ್ನೂ ಒಟ್ಟಿಗೆ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು. ಆಮೇಲೆ ಗಿರಿಜಮ್ಮನ ಕಡೆ ತಿರುಗಿ ಹೇಳಿದರು: "ಜೂನ್ ತಿಂಗಳಾಗ ನಾನೂ ನಿಮ್ಮ ಹೆಸರಿನಾಗ ಹೋಗಿ ನಲವತ್ತು ಚೀಟಿ ಹೊಡೆದೀನ್ರಿ. ಅದರಾಗ ತಪ್ಪು ಆಗಿದ್ರೂ ನಿಮ್ಮನ್ನೇ ಕರೀತಿದ್ದೆ."

ಕ್ಷಮೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅದಾದ ಮೇಲೆ ನನ್ನನ್ನು ನೋಡಿ, "ಹತ್ತೊಂಬತ್ತು ಹೆಸರು ತಗೊಂಡು ಬಾ. ನಾಳಿನ ಪಟ್ಟಿ ಮೊದಲು. ನಿನ್ನ ವಿಚಾರ ಆಮೇಲೆ," ಎಂದರು. ನನ್ನ ವಿಚಾರ ಆರು ದಿನಗಳ ನಂತರ ಬಂತು: ಲಿಖಿತ ಎಚ್ಚರಿಕೆ, ಒಂದು ಪ್ರತಿ ಕಡತಕ್ಕೆ. ಅದು ನ್ಯಾಯವಾಗಿಯೇ ಇತ್ತು.

ಗುರುವಾರ ನಾನೂ ಉಳವಿಗೆ ಹೋದೆ. ಬುಧವಾರ ಸಂಜೆಯೇ ಗಿರಿಜಮ್ಮ ಕ್ಯಾಸನೂರಿಗೆ ಹೋಗಿ ಮನೆಮನೆಗೆ ಹೇಳಿ ಬಂದಿದ್ದರು. ಅವರನ್ನೇ ಸುಳ್ಳಿ ಎಂದವರ ಮನೆಗಳಿಗೂ. ಶಾಲೆಯ ಜಗುಲಿಯಲ್ಲಿ ಸಾಲು ನಿಂತಿತ್ತು. ಹತ್ತು ಗಂಟೆಗೆ ಆರು ಜನ, ಹನ್ನೊಂದೂವರೆಗೆ ಹದಿಮೂರು. ಒಂದು ಗಂಟೆಗೆ ಹದಿನೇಳು. ಕೆರಿಯಪ್ಪ ಬಂದರೂ ಸಾಲಿನಲ್ಲಿ ನಿಲ್ಲದೆ ಕಂಬಕ್ಕೆ ಒರಗಿ ನಿಂತಿದ್ದರು.

"ಯಾರು ಮಾಡಿದ್ದು ಅಂತ ಹೇಳದೆ ನಾನು ಚುಚ್ಚಿಸ್ಕಳಲ್ಲ," ಎಂದರು. ನಾನು ಹತ್ತಿರ ಹೋಗಿ, ಕಂಪ್ಯೂಟರ್ ಪರೀಕ್ಷೆ ಮಾಡುವಾಗ ನನ್ನ ಕೈಯಿಂದ ಆದದ್ದು, ಗಿರಿಜಮ್ಮನಿಗೆ ಗೊತ್ತೇ ಇರಲಿಲ್ಲ ಎಂದೆ. ಗಟ್ಟಿಯಾಗಿ ಹೇಳಲು ಹೇಳಿದರು. ಸಾಲಿಗೆಲ್ಲ ಕೇಳುವ ಹಾಗೆ ಮತ್ತೊಮ್ಮೆ ಹೇಳಿದೆ. ಸಾಲಿನಲ್ಲಿದ್ದ ಒಬ್ಬ ಹೆಂಗಸು ತಲೆ ತಗ್ಗಿಸಿದಳು. ಬಸ್ಸಿನಲ್ಲಿ ಎದ್ದು ಹಿಂದೆ ಹೋದವಳು ಅವಳೇ ಎಂದು ಆಮೇಲೆ ತಿಳಿಯಿತು.

ಕೆರಿಯಪ್ಪ ಅಂಗಿಯ ತೋಳು ಸರಿಸಿದರು. "ಸರಿಯಾಗಿ ನೋಡ್ಕೋ ತಂಗಿ. ಚುಚ್ಚಿದ ಮೇಲೆ ಬರಿ." ನೋಡಿದೆ. ಹದಿನೆಂಟು. ಹತ್ತೊಂಬತ್ತನೆಯವನು ಕೂಲಿಗೆಂದು ಸಾಗರದ ಕಡೆ ಹೋಗಿದ್ದ. ಅವನನ್ನು ಹುಡುಕಿಸಿ, ಅಲ್ಲಿಯ ಶಿಬಿರಕ್ಕೆ ಹತ್ತು ದಿನದೊಳಗೆ ತಾವೇ ಕರೆದುಕೊಂಡು ಹೋದವರು ಗಿರಿಜಮ್ಮ.

ಆಮೇಲೆ ಪರೀಕ್ಷೆಗೆ ಬೇರೆ ಹೆಸರು ಬಂತು, ಸಮಿತಿಯ ಎರಡು ಸಹಿಯೊಂದಿಗೆ. ಊರಿಲ್ಲದ, ತೋಳಿಲ್ಲದ ಇಪ್ಪತ್ತು ಕಲ್ಪಿತ ಹೆಸರುಗಳ ಪ್ರತ್ಯೇಕ ಪಟ್ಟಿ ಬಂತು. ಈಗ ನನ್ನ ಪ್ರೋಗ್ರಾಮ್ ಪುಟ ಬಂತೇ ಎಂದಷ್ಟೇ ನೋಡುವುದಿಲ್ಲ. ಪ್ರತಿ ಪುಟದ ಮೇಲ್ತುದಿಯಲ್ಲಿ ಯಾರ ಹೆಸರಿದೆ ಎಂದು ಓದಿ, ಕೊನೆಯಲ್ಲಿ ಪಟ್ಟಿಯನ್ನು ಮತ್ತೆ ತೆರೆದು, ಮೊದಲಿದ್ದ ಹಾಗೇ ಇದೆಯೇ ಎಂದು ಒಂದೊಂದೇ ಸಾಲು ತಾಳೆ ನೋಡುತ್ತದೆ. ಎಲ್ಲ ಸರಿ ಎಂದು ಹೇಳುವ ಪರೀಕ್ಷೆಯನ್ನು ಮೊದಲು ಒಮ್ಮೆ ಬೇಕೆಂದೇ ಸೋಲಿಸಿ ನೋಡುತ್ತೇನೆ. ಸೋಲಲು ಬಾರದ ಪರೀಕ್ಷೆಯ ಗೆಲುವಿಗೆ ಬೆಲೆ ಇಲ್ಲವೆಂದು ಈ ಕೆಲಸ ನನಗೆ ಕಲಿಸಿತು. ಇನ್ನೊಬ್ಬರ ಹೆಸರಿನಲ್ಲಿ ಒಳಗೆ ಹೋಗುವವರು ಏನನ್ನು ಹೊತ್ತು ಹೋಗುತ್ತಾರೆ ಎಂಬುದನ್ನು ಕಲಿಸಿದವರು ಗಿರಿಜಮ್ಮ.

ಆ ಗುರುವಾರ ಮಧ್ಯಾಹ್ನ ಸೊರಬದ ಕಚೇರಿಗೆ ಬಂದು ಹದಿನೆಂಟು ಚೀಟಿಗಳನ್ನು ಮೇಜಿನ ಮೇಲಿಟ್ಟಾಗ, ನಾನು ಪದ್ಧತಿಯಂತೆ ಅವರ ಕುರ್ಚಿಯನ್ನು ಅವರತ್ತ ಸರಿಸಿದೆ. ಅವರು ಕೂರಲಿಲ್ಲ.

"ನೀನೇ ಹೊಡಿ. ನಿನ್ನ ಹೆಸರಲ್ಲಿ."

"ನನ್ನ ಲಾಗಿನ್‌ಗೆ ಅಧಿಕಾರ ಇಲ್ಲ ಗಿರಿಜಕ್ಕ. ಮೇಷ್ಟ್ರನ್ನ ಕೇಳಬೇಕು."

"ಕೇಳು. ಫೋನ್ ಅಲ್ಲೇ ಇದೆ."

ಕೇಳಿದೆ. ಬಸವರಾಜಪ್ಪನವರು ಒಂದು ದಿನದ ಮಟ್ಟಿಗೆ ಅಧಿಕಾರ ಕೊಟ್ಟು, ಆ ಮಾತನ್ನು ಕಡತದಲ್ಲಿ ಬರೆದುಕೊಂಡರು. ನಾನು ಕೂತು, ಮೊದಲು ಆ ಹತ್ತೊಂಬತ್ತು ಸುಳ್ಳು ಗುರುತುಗಳನ್ನು ಅಳಿಸಿದೆ. ಗಿರಿಜಮ್ಮ ಒಂದೊಂದೇ ಚೀಟಿ ಎತ್ತಿ ಓದಿದರು. ನಾನು ಗುರುತು ಹಾಕಿದೆ. ಹತ್ತೊಂಬತ್ತನೆಯದನ್ನು ಆತ ಸಿಕ್ಕ ಮೇಲೆ ಹಾಗೆಯೇ, ಮತ್ತೆ ಅನುಮತಿ ಪಡೆದು ಹಾಕಿದೆ. ಆ ಪಟ್ಟಿಯಲ್ಲಿ ಸಾವಿರಾರು ಸಾಲುಗಳ ಮುಂದೆ ಗಿರಿಜಮ್ಮನ ಹೆಸರಿದೆ. ಹತ್ತೊಂಬತ್ತರ ಮುಂದೆ ನನ್ನದು.

ಕೊನೆಯ ಚೀಟಿ ಮುಗಿದ ಮೇಲೆ ಅವರು ನನ್ನನ್ನು ಎಬ್ಬಿಸಿ, ತಾವು ಕೂತು, ಹೊಸ ಪಾಸ್‌ವರ್ಡ್ ಇಟ್ಟುಕೊಂಡರು. ನಾನು ಕಿಟಕಿಯ ಕಡೆ ತಿರುಗಿ ನಿಂತಿದ್ದೆ. ಎಷ್ಟು ಅಕ್ಷರ ಒತ್ತಿದರು ಎಂದು ಕಿವಿಗೆ ಕೇಳುತ್ತಿತ್ತು. ಎಣಿಸಲಿಲ್ಲ.